ಬೆಂಕಿ, ಬೀಗ ಮತ್ತು ಮನೆಯೊಳಗಿನ ಮೂಕಜೀವ

ಅಮೆರಿಕದಲ್ಲಿ ಪ್ರತಿಯೊಂದಕ್ಕೂ ಒಂದು ದಿನ ಮೀಸಲು. ಜೂನ್ ತಿಂಗಳ ಮೊದಲ ಶುಕ್ರವಾರ ಡೋನಟ್ಟಿನ ದಿನವಾದರೆ, ಜುಲೈ 15 ಸಾಕುಪ್ರಾಣಿಗಳ ಅಗ್ನಿ ಸುರಕ್ಷತಾ ದಿನ. 2009ರಲ್ಲಿ ಆರಂಭವಾದ ಈ ಆಚರಣೆಯನ್ನೂ ಡೋನಟ್ಟಿನ ಸಾಲಿಗೇ ಸೇರಿಸಿ ನಕ್ಕು ಸುಮ್ಮನಾಗುವುದು ಸುಲಭ. ಆದರೆ ನಮ್ಮ ಕೂಟದ ವನಭೋಜನಕ್ಕೆ ಬಂದವರು ಗಮನಿಸಿರಬಹುದು: ಮಕ್ಕಳ ಸಂಖ್ಯೆಯ ಜೊತೆಗೆ ನಾಯಿಗಳ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಮನೆಯಲ್ಲೇ ಉಳಿಯುವ ಬೆಕ್ಕು, ಗಿಳಿ, ಮೊಲಗಳು ಲೆಕ್ಕಕ್ಕೆ ಸಿಗುವುದಿಲ್ಲ. ಅವುಗಳ ಆಹಾರ, ಲಸಿಕೆ, ಹುಟ್ಟುಹಬ್ಬಗಳ ಬಗ್ಗೆ ನಾವು ಸಾಕಷ್ಟು ಮಾತನಾಡುತ್ತೇವೆ. ಮನೆಗೆ ಬೆಂಕಿ ಬಿದ್ದರೆ ಅವುಗಳ ಗತಿಯೇನು ಎಂಬ ಪ್ರಶ್ನೆಯನ್ನು ಮಾತ್ರ ಅಮಂಗಳವೆಂದು ಬದಿಗಿಡುತ್ತೇವೆ. ಆ ಅಮಂಗಳವನ್ನು ಇಂದು ಸ್ವಲ್ಪ ಮಾತನಾಡೋಣ ಎಂದು ಈ ಬರಹ.

ಊರಿನಲ್ಲಿ ಈ ಪ್ರಶ್ನೆಗೆ ಬೇರೆಯದೇ ಉತ್ತರವಿತ್ತು. ನಾಯಿಯ ಠಾವು ಅಂಗಳ ಅಥವಾ ಜಗಲಿ. ಬೆಕ್ಕು ಅಟ್ಟದಿಂದ ಮಾಡಿಗೆ, ಮಾಡಿನಿಂದ ಮರಕ್ಕೆ ತನ್ನದೇ ದಾರಿ ಬಲ್ಲದು. ಕಟ್ಟಿಹಾಕಿದ ಜೀವಗಳೆಂದರೆ ಕೊಟ್ಟಿಗೆಯ ದನಕರುಗಳು. ಬಣವೆಗೋ ಕೊಟ್ಟಿಗೆಗೋ ಕಿಡಿ ತಾಗಿದರೆ ಮೊದಲು ಓಡಿದವರು ಮಾಡುತ್ತಿದ್ದ ಕೆಲಸ ಕಣ್ಣಿ ಬಿಚ್ಚುವುದು. ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಇಲ್ಲಿಯ ಮನೆಯಾದರೋ ಚಳಿಗೂ ಸೆಕೆಗೂ ಭದ್ರವಾಗಿ ಮುಚ್ಚಿದ ಪೆಟ್ಟಿಗೆ. ಕಿಟಕಿಗಳು ತೆರೆಯುವುದು ಅಪರೂಪ. ಬಾಗಿಲಿನ ಹಿಡಿ ನಾಯಿಯ ಪಂಜಕ್ಕೆ ಒಲಿಯದು. ಬೆಳಗ್ಗೆ ಎಂಟಕ್ಕೆ ಬೀಗ ಹಾಕಿ ಹೊರಟರೆ ಸಂಜೆ ಆರರವರೆಗೆ ಆ ಪ್ರಾಣಿ ಒಳಗಿರುತ್ತದೆ. ಪ್ರೀತಿಯಿಂದಲೇ ಮಾಡಿದ ಏರ್ಪಾಡು ಇದು, ನಿಜ. ಆದರೂ ಕಣ್ಣಿ ಕಟ್ಟಿದವರು ನಾವು. ಬಿಚ್ಚುವ ಬಗೆಯನ್ನು ಮುಂಚೆಯೇ ಯೋಚಿಸುವ ಹೊಣೆಯೂ ನಮ್ಮದೇ.

ಬೆಂಕಿಗೆ ಕಾರಣವೂ ಕೆಲವೊಮ್ಮೆ ಇದೇ ಪ್ರಾಣಿಗಳಾಗುತ್ತವೆ. 2024ರ ಜೂನ್‌ನಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ನಗರದ ಒಂದು ಮನೆಯಲ್ಲಿ ನಾಯಿಯೊಂದು ಹಿಂಗಾಲ ಮೇಲೆ ನಿಂತು ಒಲೆಯ ಗುಂಡಿಯನ್ನು ತಿರುಗಿಸಿಬಿಟ್ಟಿತು. ಒಲೆಯ ಮೇಲಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳು ಹೊತ್ತಿಕೊಂಡವು. ಅದೇ ವರ್ಷ ಒಕ್ಲಹೋಮಾದ ಟಲ್ಸಾದಲ್ಲಿ ಇನ್ನೊಂದು ನಾಯಿ ಫೋನ್ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯನ್ನು ಆಟಿಕೆಯಂತೆ ಕಚ್ಚಿ, ಅದು ಸಿಡಿದು ಹಾಸಿಗೆ ಉರಿಯಿತು. ಆ ಮನೆಯ ಎರಡು ನಾಯಿಗಳೂ ಒಂದು ಬೆಕ್ಕೂ ಬಾಗಿಲಿನಲ್ಲಿ ತಮಗಾಗಿಯೇ ಇದ್ದ ಕಿಂಡಿಯಿಂದ ನುಸುಳಿ ಬದುಕಿದವು. ದಕ್ಷಿಣ ಕೊರಿಯಾದ ಸೋಲ್ ನಗರದ ಅಗ್ನಿಶಾಮಕ ಇಲಾಖೆ, 2019ರ ಜನವರಿಯಿಂದ 2021ರ ನವೆಂಬರ್‌ವರೆಗೆ 107 ಅವಘಡಗಳಿಗೆ ಬೆಕ್ಕುಗಳೇ ಕಾರಣವಿರಬೇಕೆಂದು ಲೆಕ್ಕ ಹಾಕಿತು. ಮುಟ್ಟಿದರೆ ಸಾಕು, ಹೊತ್ತಿಕೊಳ್ಳುವ ವಿದ್ಯುತ್ ಒಲೆಗಳ ಮೇಲೆ ಅವು ನಡೆದಾಡುತ್ತವಂತೆ. ಒಲೆಯ ಗುಂಡಿಗಳಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ ಕೆಲವೇ ಡಾಲರಿನದು. ಮಕ್ಕಳಿಗಾಗಿ ಕೊಂಡು, ಅವರು ದೊಡ್ಡವರಾದ ಮೇಲೆ ಗ್ಯಾರೇಜಿನ ಮೂಲೆ ಸೇರಿದ್ದು ಅನೇಕರ ಮನೆಯಲ್ಲಿದ್ದೀತು. ಒಲೆಯ ಮೇಲೆ ಪೆಟ್ಟಿಗೆ, ಚೀಲ ಇಡುವ ಅಭ್ಯಾಸವನ್ನು ಬಿಡಲು ಅದೂ ಬೇಕಿಲ್ಲ.

ನಮ್ಮ ಮನೆಗಳಲ್ಲಿ ಇದರ ಜೊತೆಗೆ ದೀಪವಿದೆ. ದೇವರ ಮುಂದೆ ನಂದಾದೀಪ, ಕಾರ್ತಿಕದಲ್ಲಿ ಹೊಸ್ತಿಲ ಹಣತೆಗಳು, ಮಂಗಳಾರತಿಯ ಕರ್ಪೂರ. ಉರಿಯುವ ಬತ್ತಿಯ ಸುತ್ತ ಒಂದಡಿಯೊಳಗೆ ಹೊತ್ತಿಕೊಳ್ಳುವ ಯಾವುದೂ ಇರಬಾರದೆಂದು ಇಲ್ಲಿಯ ಅಗ್ನಿಶಾಮಕರು ಹೇಳುತ್ತಾರೆ. ಆದರೆ ಬೀಸುವ ಬಾಲಕ್ಕೆ ಒಂದಡಿಯ ಲೆಕ್ಕ ತಿಳಿಯದು. ದೀಪ ಹಚ್ಚಬೇಡಿ ಎಂದು ಹೇಳುವವನು ನಾನಲ್ಲ. ದೀಪ ಉರಿಯುವಷ್ಟು ಹೊತ್ತು ದೇವರ ಕೋಣೆಯ ಬಾಗಿಲು ಮುಚ್ಚಿರಲಿ, ಅಥವಾ ದೊಡ್ಡವರೊಬ್ಬರು ಅಲ್ಲಿರಲಿ. ಗಿಳಿ ಸಾಕಿದವರಿಗೆ ಇನ್ನೊಂದು ಮಾತು: ನಾನ್‌ಸ್ಟಿಕ್ ದೋಸೆ ಕಾವಲಿ ಒಲೆಯ ಮೇಲೆ ಮರೆತು ಅತಿಯಾಗಿ ಕಾದರೆ, ಬೆಂಕಿ ಏಳುವ ಮೊದಲೇ ಅದರ ಲೇಪದಿಂದ ಹೊಮ್ಮುವ ಆವಿ ಹಕ್ಕಿಯನ್ನು ಕೊಲ್ಲಬಲ್ಲದು. ಪಂಜರ ಅಡುಗೆಮನೆಯಿಂದ ದೂರವಿರುವುದೇ ಲೇಸು.

ಇಷ್ಟೆಲ್ಲ ಎಚ್ಚರದ ನಂತರವೂ ಬೆಂಕಿ ಬಿದ್ದರೆ ಸಿಗುವ ಸಮಯ ಎಷ್ಟು? ಯು.ಎಲ್. ಸಂಸ್ಥೆಯ ಅಗ್ನಿ ಸುರಕ್ಷತಾ ಸಂಶೋಧಕರ ಪ್ರಕಾರ, ನಲವತ್ತು ವರ್ಷಗಳ ಹಿಂದೆ ಹೊರಬರಲು ಸುಮಾರು 17 ನಿಮಿಷ ಸಿಗುತ್ತಿತ್ತು. ಇಂದು 3 ನಿಮಿಷ ಅಥವಾ ಅದಕ್ಕೂ ಕಡಿಮೆ. ಸೋಫಾ, ಹಾಸಿಗೆ, ರತ್ನಗಂಬಳಿಗಳೆಲ್ಲ ಕೃತಕ ನಾರು ಮತ್ತು ಫೋಮ್‌ನಿಂದಾದವು. ಅಡುಗೆಮನೆ, ಊಟದ ಜಾಗ, ಹಜಾರಗಳ ನಡುವೆ ಗೋಡೆಯಿಲ್ಲದ ವಿನ್ಯಾಸವೂ ಜ್ವಾಲೆಗೆ ಅನುಕೂಲ. ಮೂರು ನಿಮಿಷದಲ್ಲಿ ಮಕ್ಕಳನ್ನು ಎಬ್ಬಿಸಬೇಕು, ಹಿರಿಯರನ್ನು ಮೆಟ್ಟಿಲಿಳಿಸಬೇಕು. ಹೆದರಿದ ಬೆಕ್ಕು ಆಗ ಮಂಚದಡಿಯ ಅತ್ಯಂತ ಕತ್ತಲೆಯ ಮೂಲೆಗೆ ಸರಿಯುತ್ತದೆ. ಕರೆದರೆ ಬರುವುದಿಲ್ಲ, ಕೈ ಹಾಕಿದರೆ ಪರಚುತ್ತದೆ. ಕಟ್ಟಿಹಾಕಲು ಹುಡುಕುವ ಹಗ್ಗ ಆ ಹೊತ್ತಿನಲ್ಲಿ ಎಂದೂ ಕೈಗೆ ಸಿಗುವುದಿಲ್ಲ.

ಅದೇ ಸಂಶೋಧಕರು ತೋರಿಸಿಕೊಟ್ಟ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಉರಿಯುವ ಮನೆಯಲ್ಲಿ ಬಾಗಿಲು ತೆರೆದ ಕೋಣೆಯ ಉಷ್ಣತೆ 1000 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗಲೂ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು 100ರ ಆಸುಪಾಸಿನಲ್ಲಿ ಉಳಿಯಬಲ್ಲದು. ವಿಷದ ಹೊಗೆಯೂ ಅಷ್ಟು ಬೇಗ ನುಗ್ಗದು. ಆದ್ದರಿಂದಲೇ ಮಲಗುವಾಗ ಬಾಗಿಲು ಮುಚ್ಚಿ ಎಂಬ ಸಲಹೆ. ನಾವು ಬಾಗಿಲು ಮುಚ್ಚಿ ಮಲಗುವವರಲ್ಲ. ರಾತ್ರಿ ಮಗು ಕೆಮ್ಮಿದರೆ ಕೇಳಬೇಕು, ಬೆಕ್ಕು ಓಡಾಡುತ್ತಿರಬೇಕು. ಇದಕ್ಕೆ ಪರಿಹಾರ ಕಷ್ಟವಲ್ಲ: ಪ್ರತಿ ಕೋಣೆಯಲ್ಲೂ ಹೊಗೆಯ ಅಲಾರಂ ಇರಲಿ, ರಾತ್ರಿ ನಾಯಿಯೋ ಬೆಕ್ಕೋ ಯಾರಾದರೊಬ್ಬರ ಕೋಣೆಯೊಳಗೆ ಮಲಗಲಿ, ಆ ಬಾಗಿಲು ಮುಚ್ಚಿರಲಿ. ಆಗ ಅದನ್ನು ಹುಡುಕುವ ಪ್ರಶ್ನೆಯೇ ಇಲ್ಲ. ಹಗಲಿನಲ್ಲಿ ಮನೆಯಲ್ಲಿ ಯಾರೂ ಇಲ್ಲದಾಗ, ಮುಂಬಾಗಿಲಿಗೆ ಹತ್ತಿರದ ಕೋಣೆಯಲ್ಲಿ ಕೊರಳಪಟ್ಟಿಯ ಸಮೇತ ಬಿಟ್ಟು ಹೋಗುವುದು ಒಳ್ಳೆಯದು. ಹೊಗೆಯಲ್ಲಿ ತಡಕಾಡುತ್ತ ಒಳಬರುವ ಅಗ್ನಿಶಾಮಕ ಸಿಬ್ಬಂದಿಗೆ ನೆಲಮಾಳಿಗೆಯ ಮೂಲೆಯಲ್ಲಿರುವ ಪಂಜರ ಕಾಣುವುದಿಲ್ಲ.

ಅಭ್ಯಾಸದ ವಿಷಯವನ್ನು ನಾವು ತೀರಾ ಕಡೆಗಣಿಸುತ್ತೇವೆ. ಬೆಕ್ಕನ್ನು ಒಯ್ಯುವ ಕ್ಯಾರಿಯರ್ ವರ್ಷಕ್ಕೊಮ್ಮೆ, ಪಶುವೈದ್ಯರಲ್ಲಿಗೆ ಹೋಗುವ ದಿನ ಮಾತ್ರ ಹೊರಬರುತ್ತದೆ. ಅದನ್ನು ಕಂಡೊಡನೆ ಬೆಕ್ಕು ಮಾಯವಾಗುವುದರಲ್ಲಿ ಆಶ್ಚರ್ಯವೇನು? ಹಜಾರದಲ್ಲೇ ಬಾಗಿಲು ತೆರೆದಿಟ್ಟು, ಆಗಾಗ ಅದರೊಳಗೇ ತಿಂಡಿ ಹಾಕಿದರೆ ಕೆಲವೇ ವಾರಗಳಲ್ಲಿ ಬೆಕ್ಕು ಅದನ್ನು ತನ್ನ ಮಲಗುವ ಜಾಗ ಮಾಡಿಕೊಳ್ಳುತ್ತದೆ. ನಾಯಿಗೆ ಇನ್ನೂ ಸುಲಭ. ಅಲಾರಂನ ಪರೀಕ್ಷಾ ಗುಂಡಿ ಒತ್ತಿದಾಗಲೆಲ್ಲ ಮುಂಬಾಗಿಲ ಬಳಿ ಅದರ ಮೆಚ್ಚಿನ ತಿನಿಸು ಸಿಗುವಂತಾದರೆ, ಆ ಕರ್ಕಶ ಸದ್ದು ಅದರ ಪಾಲಿಗೆ ಬಾಗಿಲಿಗೆ ಬರುವ ಕರೆಯಾಗುತ್ತದೆ.

ಇನ್ನು ನಮ್ಮದೇ ಆದ ಒಂದು ಸಂದರ್ಭ, ಇಲ್ಲಿಯ ಯಾವ ಕೈಪಿಡಿಯಲ್ಲೂ ಬರೆಯದ್ದು. ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮ, ಅತ್ತೆ ಮಾವ ಹಗಲಿಡೀ ಮನೆಯಲ್ಲಿ ನಾಯಿಯೊಂದಿಗೆ ಇರುತ್ತಾರೆ. ಅದನ್ನು ಕಂಡರೆ ಕೆಲವರಿಗೆ ಅಂಜಿಕೆ. ಕೆಲವರು ಎರಡೇ ವಾರದಲ್ಲಿ ಅದಕ್ಕೆ ಕೋಡುಬಳೆ ತಿನ್ನಿಸುವಷ್ಟು ಹಚ್ಚಿಕೊಳ್ಳುತ್ತಾರೆ. ಎರಡರಲ್ಲೂ ಅಪಾಯವಿದೆ. ಅಂಜುವವರು ಅದನ್ನು ಕೋಣೆಯೊಂದರಲ್ಲಿ ಕೂಡಿಹಾಕಿರುತ್ತಾರೆ. ಹಚ್ಚಿಕೊಂಡವರು "ಮಗುವಿನಂಥ ಜೀವ, ಬಿಟ್ಟು ಹೇಗೆ ಬರಲಿ" ಎಂದು ಹೊಗೆಯೊಳಗೆ ಹುಡುಕುತ್ತ ನಿಲ್ಲುತ್ತಾರೆ. ಬಂದ ಮೊದಲ ವಾರದಲ್ಲೇ ಅವರನ್ನು ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಬೇಕು: ಅಲಾರಂ ಕೂಗಿದರೆ ಮೊದಲು ನೀವು ಹೊರಗೆ. ನಾಯಿ ಜೊತೆಯಲ್ಲೇ ಇದ್ದರೆ ಸರಿ, ಇಲ್ಲದಿದ್ದರೆ ಹುಡುಕಬೇಡಿ. ಬೀದಿಗೆ ಬಂದ ಮೇಲೆ 911ಕ್ಕೆ ಕರೆ, ಬಳಿಕ ನಮಗೆ. ಮನೆಯ ವಿಳಾಸವನ್ನು ಫ್ರಿಜ್ಜಿಗೆ ಅಂಟಿಸಿದರೆ ಸಾಲದು, ಅದು ಅವರ ಜೇಬಿನಲ್ಲೂ ಇರಬೇಕು. ಬಾಗಿಲಿನ ಎರಡನೆಯ ಚಿಲಕ ತೆಗೆಯುವುದನ್ನು ಅವರೇ ಮಾಡಿ ತೋರಿಸಲಿ. ಇದು ಹಿರಿಯರಿಗೆ ಪಾಠ ಹೇಳಿದಂತಾಗುವುದೆಂಬ ಸಂಕೋಚ ಸಹಜ. ಊರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ಹೊಸತರಲ್ಲಿ ರೆಗ್ಯುಲೇಟರ್ ಮುಚ್ಚುವುದನ್ನು ಅವರು ನಮಗೆ ಕಲಿಸಿದ್ದರಲ್ಲ, ಹಾಗೆಯೇ ಇದು.

ಹೊರಬಂದವರು ಮತ್ತೆ ಒಳಗೆ ಹೋಗಬಾರದೆಂಬ ನಿಯಮವನ್ನು ಬರೆಯುವಾಗ ನನ್ನ ಕೈಯೂ ಅಳುಕುತ್ತದೆ. ನಾಯಿಯನ್ನು ಬಿಟ್ಟು ಸ್ವರ್ಗವೂ ಬೇಡವೆಂದ ಧರ್ಮರಾಯನ ಕಥೆ ಕೇಳಿ ಬೆಳೆದವರಲ್ಲವೇ ನಾವು? ಆದರೆ ಅದೇ ಮಹಾಭಾರತದಲ್ಲಿ ಇನ್ನೂ ಹತ್ತಿರದ ಕಥೆಯಿದೆ. ಖಾಂಡವ ವನ ಉರಿಯುವಾಗ ಜರಿತೆ ಎಂಬ ಶಾರ್ಙ್ಗ ಪಕ್ಷಿ ರೆಕ್ಕೆ ಬಲಿಯದ ನಾಲ್ಕು ಮರಿಗಳೊಡನೆ ಸಿಲುಕುತ್ತಾಳೆ. ಮರಿಗಳನ್ನು ತನ್ನ ಮೈಯಿಂದ ಮುಚ್ಚಿ ಜೊತೆಗೇ ಸಾಯಲು ಆಕೆ ಸಿದ್ಧ. ಹಾರಿಹೋಗು, ನೀನಾದರೂ ಉಳಿ ಎಂದು ವಾದಿಸುವವು ಮರಿಗಳೇ. ಕೊನೆಗೆ ತಾಯಿ ಹಾರುತ್ತಾಳೆ, ಮರಿಗಳೂ ಉಳಿಯುತ್ತವೆ. ಏಕೆಂದರೆ ಅವುಗಳ ತಂದೆ ಮಂದಪಾಲ ಬೆಂಕಿ ಬೀಳುವ ಮೊದಲೇ ಅಗ್ನಿಯನ್ನು ಸ್ತುತಿಸಿ ಅಭಯ ಪಡೆದಿದ್ದ. ಕುಟುಂಬದ ವಿಷಯದಲ್ಲಿ ಮಂದಪಾಲನೇನೂ ಆದರ್ಶ ಪುರುಷನಲ್ಲ, ಹೆಂಡತಿ ಮಕ್ಕಳನ್ನು ಬಿಟ್ಟು ಹೋದವನು. ಆದರೂ ಈ ಒಂದು ಕೆಲಸವನ್ನು ವೇಳೆಗೆ ಮುಂಚೆ ಮಾಡಿದ್ದ. ನಮ್ಮ ಮಕ್ಕಳಿಗೆ ಈ ಕಥೆ ಹೇಳಬೇಕೆಂದು ನನಗನಿಸುತ್ತದೆ, ಏಕೆಂದರೆ ಬೆಕ್ಕನ್ನು ನೆನೆದು ಉರಿಯುವ ಮನೆಯತ್ತ ಮೊದಲು ತಿರುಗಿ ಓಡುವವರು ಅವರೇ. ಪ್ರಾಣಿ ಒಳಗಿದ್ದರೆ ಯಾವ ಕೋಣೆಯಲ್ಲಿದೆಯೆಂದು ಬಂದ ಸಿಬ್ಬಂದಿಗೆ ಹೇಳಬೇಕು; ಅನೇಕ ಊರುಗಳ ಅಗ್ನಿಶಾಮಕ ವಾಹನಗಳಲ್ಲಿ ನಾಯಿಬೆಕ್ಕುಗಳ ಮೂತಿಗೆ ಹೊಂದುವ ಆಮ್ಲಜನಕದ ಮುಖವಾಡಗಳೂ ಇರುತ್ತವೆ. ಕಿಟಕಿಗೆ ಅಂಟಿಸುವ "ಒಳಗೆ ಸಾಕುಪ್ರಾಣಿಗಳಿವೆ" ಎಂಬ ಚೀಟಿಯ ಬಗ್ಗೆ ನನ್ನದು ಅರ್ಧ ಒಪ್ಪಿಗೆ ಮಾತ್ರ. ಸತ್ತುಹೋದ ನಾಯಿಯ ಹೆಸರಿನಲ್ಲಿ ಉಳಿದ ಚೀಟಿ ಯಾರನ್ನೋ ಸುಮ್ಮನೆ ಬೆಂಕಿಯೊಳಗೆ ಕಳುಹಿಸೀತು.

ಸರ್ಕಾರದ ಪಾತ್ರವೇನು? 2005ರ ಕತ್ರಿನಾ ಚಂಡಮಾರುತದ ವೇಳೆ ಬಸ್ಸು ಹತ್ತುವ ಬಾಲಕನೊಬ್ಬನ ಕೈಯಿಂದ ಅವನ ಪುಟ್ಟ ನಾಯಿಯನ್ನು ಬಿಡಿಸಿಕೊಂಡ ಸುದ್ದಿ ದೇಶವನ್ನೇ ಕಲಕಿತು. ಪ್ರಾಣಿಗಳನ್ನು ಬಿಟ್ಟು ಬರಲೊಲ್ಲದೆ ನೀರಿನ ನಡುವೆಯೇ ಉಳಿದವರೂ ಹಲವರು. 2006ರಲ್ಲಿ ಬಂದ ಕಾಯಿದೆ, ರಾಜ್ಯ ಮತ್ತು ಸ್ಥಳೀಯ ಆಡಳಿತಗಳ ವಿಪತ್ತು ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಸ್ಥಾನ ಕಲ್ಪಿಸಿತು. ಅದರಿಂದ ಉಪಕಾರವಾಗಿದೆ. ಆದರೂ 2025ರ ಜನವರಿ 7ರಂದು ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಬೆಂಕಿ ಹೊತ್ತಿದಾಗ, ಬೆಳಗ್ಗೆ ಕೆಲಸಕ್ಕೆ ಹೋಗಿದ್ದವರು ರಸ್ತೆತಡೆಯ ಈಚೆ ನಿಂತು ಮನೆಯಲ್ಲಿದ್ದ ಪ್ರಾಣಿಗಳಿಗಾಗಿ ಅಂಗಲಾಚಬೇಕಾಯಿತು. ಬೀಗದ ಕೈ ಇರುವ ನೆರೆಯವರೊಬ್ಬರು ತಡೆಯ ಆಚೆ ಇದ್ದಿದ್ದರೆ ಕೆಲವು ಕಥೆಗಳು ಬೇರೆಯಾಗುತ್ತಿದ್ದವು. ತಪ್ಪಿಸಿಕೊಂಡ ಪ್ರಾಣಿಯನ್ನು ಮರಳಿಸುವುದು ಅದರ ಚರ್ಮದಡಿಯ ಮೈಕ್ರೋಚಿಪ್. ಆದರೆ ಕೆಲಸ ಬದಲಿಸಿ ರಾಜ್ಯದಿಂದ ರಾಜ್ಯಕ್ಕೆ ಹೋಗುವ ನಾವು ಚಿಪ್ಪಿನ ನೋಂದಣಿಯಲ್ಲಿ ಹಳೆಯ ಫೋನ್ ಸಂಖ್ಯೆಯನ್ನೇ ಬಿಟ್ಟಿರುತ್ತೇವೆ.

ಆ ಕಾಯಿದೆ ದೊಡ್ಡ ವಿಪತ್ತುಗಳಿಗೆ. ನಮ್ಮ ಒಂದೇ ಮನೆ ಉರಿದರೆ ಅದು ಯಾವ ಯೋಜನೆಯಲ್ಲೂ ಇಲ್ಲ. ಬಟ್ಟೆ, ಊಟ, ಮಲಗಲು ಜಾಗ ಕೊಡಲು ನಮ್ಮವರು ಹಿಂದೆ ಬಿದ್ದವರಲ್ಲ. ಒಂದು ವಾಟ್ಸಾಪ್ ಸಂದೇಶಕ್ಕೆ ಹತ್ತು ಮನೆಯ ಸಾರು ಪಲ್ಯ ಬಂದು ನಿಲ್ಲುತ್ತದೆ. ಹೊಗೆ ಹಿಡಿದು ನಡುಗುವ ನಾಯಿಯನ್ನು ಒಳಗೆ ಸೇರಿಸಿ ಎಂದಾಗ ಮಾತ್ರ ಮೌನ. ದೇವರ ಮನೆ, ಮಡಿ, ಮಗುವಿನ ಅಲರ್ಜಿ, ಬಾಡಿಗೆ ಕರಾರು ಹೀಗೆ ಕಾರಣಗಳಿವೆ. ಅವು ಸುಳ್ಳಲ್ಲ, ಯಾರನ್ನೂ ದೂರುವ ಮನಸ್ಸು ನನಗಿಲ್ಲ. ಆದರೆ ಕಾರಣಗಳಿಲ್ಲದ ಮನೆಗಳೂ ನಮ್ಮಲ್ಲಿವೆ, ಅವು ಯಾವುವೆಂದು ಮುಂಚೆಯೇ ಗೊತ್ತಿದ್ದರೆ ಸಾಕು. ರಾಜ್ಯೋತ್ಸವದ ದಿನ ನೋಂದಣಿ ಮೇಜಿನ ಮೇಲೆ ಕೂಟದವರು ಇನ್ನೊಂದು ಪುಸ್ತಕ ಇಡಲಿ. ಎರಡು ರಾತ್ರಿಯ ಮಟ್ಟಿಗೆ ಒಂದು ನಾಯಿಗೋ ಬೆಕ್ಕಿಗೋ ಜಾಗ ಕೊಡಬಲ್ಲವರು ಅದರಲ್ಲಿ ಹೆಸರು ಬರೆಯಲಿ. ಒಳಗೆ ಆಗದಿದ್ದರೆ ಗ್ಯಾರೇಜ್ ಎಂದೇ ಬರೆಯಲಿ. ನಾಯಿ ಸಾಕಿದವರು ರೇಬಿಸ್ ಲಸಿಕೆಯ ಚೀಟಿಯ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡಿರಲಿ. ಆಶ್ರಯ ಕೊಡುವವರು ಮೊದಲು ಕೇಳುವುದು ಅದನ್ನೇ. ಪುಸ್ತಕದ ಎರಡನೆಯ ಪುಟದಲ್ಲಿ, ಹತ್ತಿರದಲ್ಲೇ ಇದ್ದು ಪರಸ್ಪರರ ಮನೆಯ ಬೀಗದ ಕೈ ಇಟ್ಟುಕೊಳ್ಳಲು ಒಪ್ಪುವ ಎರಡೆರಡು ಕುಟುಂಬಗಳ ಹೆಸರಿಗೂ ಜಾಗ ಬಿಟ್ಟಿರಲಿ.