ಬೀಗ ತೆರೆಯದಿದ್ದರೆ ಬಾಗಿಲನ್ನೇ ಕೀಳಬೇಕೆ?

ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಮುಂದೆ ಕುಳಿತು ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಸರಿಯಾಗಿಯೇ ಒತ್ತುತ್ತಾನೆ, ಯಂತ್ರವು ಒಪ್ಪುವುದಿಲ್ಲ. “ಪಾಸ್‌ವರ್ಡ್ ಮರೆತಿರಬೇಕು” ಎಂದು ಸುತ್ತಲಿನವರು ತೀರ್ಪು ಕೊಟ್ಟುಬಿಡುತ್ತಾರೆ. ಈ ಅವಸರದ ತೀರ್ಪು ಅನೇಕ ವೇಳೆ ಅನ್ಯಾಯವಾದುದೆಂಬುದು ನನ್ನ ಅಭಿಪ್ರಾಯ.

ನೂರಾರು ಗಣಕಯಂತ್ರಗಳಿರುವ ಸಂಸ್ಥೆಯಲ್ಲಿ ಎಲ್ಲರ ಹೆಸರು, ಗುರುತುಗಳೂ ಡೈರೆಕ್ಟರಿ ಸರ್ವರ್ ಎಂಬ ಒಂದು ಯಂತ್ರದಲ್ಲಿ ದಾಖಲಾಗಿರುತ್ತವೆ. ಬಂದವನ ಗುರುತನ್ನು ಪರೀಕ್ಷಿಸಲು ಬಹಳ ಕಡೆ ಬಳಕೆಯಲ್ಲಿರುವ ಕ್ರಮಕ್ಕೆ ಕರ್ಬೆರೋಸ್ ಎಂದು ಹೆಸರು. ಅಮೆರಿಕದ ಎಂ.ಐ.ಟಿ.ಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಪಾಸ್‌ವರ್ಡು ತಂತಿಯ ಮೇಲೆ ಹೋಗುವುದೇ ಇಲ್ಲ. ಅದರಿಂದ ಪಡೆದ ಕೀಲಿಯ ನೆರವಿನಿಂದ ಗಣಕಯಂತ್ರವು ಆ ಕ್ಷಣದ ವೇಳೆಯನ್ನು ಗೂಢಲಿಪಿಯಾಗಿಸಿ ಕಳುಹಿಸುತ್ತದೆ. ಸರ್ವರು ಅದನ್ನು ಬಿಡಿಸಿ ತನ್ನ ಗಡಿಯಾರದೊಡನೆ ಹೋಲಿಸುತ್ತದೆ. ಎರಡರ ವ್ಯತ್ಯಾಸವು ಮಿತಿಯನ್ನು, ಸಾಮಾನ್ಯವಾಗಿ 5 ನಿಮಿಷಗಳನ್ನು, ಮೀರಿದರೆ ಪ್ರವೇಶವಿಲ್ಲ! ಕಳ್ಳನು ಹಳೆಯ ಸಂದೇಶವನ್ನು ಕದ್ದಿಟ್ಟುಕೊಂಡು ಮತ್ತೊಮ್ಮೆ ಕಳುಹಿಸಿ ಒಳನುಗ್ಗಬಾರದೆಂಬುದೇ ಇದರ ಉದ್ದೇಶ.

ಹೀಗಿರಲು, ಯಂತ್ರದೊಳಗಿನ ಪುಟ್ಟ ಬ್ಯಾಟರಿಯು ಸತ್ತು ಗಡಿಯಾರ ಕೆಟ್ಟಿತೆಂದರೆ ಸರಿಯಾದ ಪಾಸ್‌ವರ್ಡೂ ನಿಷ್ಫಲವಾಗಬಹುದು. ಇನ್ನೊಂದು ಸ್ವಾರಸ್ಯವುಂಟು. ತೆರೆಯ ಮೇಲೆ ಭಾರತದ ವೇಳೆಯೇ ಕಾಣುತ್ತಿದ್ದು, ಕಾಲವಲಯವನ್ನು ಮಾತ್ರ ಗ್ರೀನಿಚ್ ಎಂದು ಗೊತ್ತುಮಾಡಿದ್ದರೆ, ಒಳಗಿನ ಲೆಕ್ಕವು ಐದೂವರೆ ಗಂಟೆ ತಪ್ಪಿರುತ್ತದೆ. ನಮ್ಮ ಕಣ್ಣಿಗೆ ಅದು ಸರಿ; ಸರ್ವರಿಗೆ ತಪ್ಪು.

ಆದುದರಿಂದ ದೋಷವನ್ನು ಹುಡುಕುವವನು ಮೊದಲು ಕೇಳಬೇಕಾದ ಪ್ರಶ್ನೆ ಇದು: ತೊಂದರೆಯು ಒಬ್ಬನಿಗೋ, ಒಂದು ಯಂತ್ರಕ್ಕೋ, ಎಲ್ಲರಿಗೋ? ಅದೇ ವಿದ್ಯಾರ್ಥಿಯು ಅದೇ ಪಾಸ್‌ವರ್ಡಿನಿಂದ ಪಕ್ಕದ ಯಂತ್ರದಲ್ಲಿ ಪ್ರವೇಶ ಪಡೆದರೆ ಅವನು ನಿರ್ದೋಷಿ. ಬಳಿಕ ಗಡಿಯಾರ, ಸರ್ವರಿನ ವಿಳಾಸ, ಪ್ರಮಾಣಪತ್ರದ ಅವಧಿ, ಇವನ್ನು ಒಂದೊಂದಾಗಿ ನೋಡತಕ್ಕದ್ದು. ಹೆಸರು ತಪ್ಪೋ ಪಾಸ್‌ವರ್ಡು ತಪ್ಪೋ ಎಂಬುದನ್ನು ತೆರೆಯು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ಕಳ್ಳನಿಗೆ ಸುಳಿವು ಸಿಗದಿರಲೆಂದೇ ಈ ಮೌನ. ಹೆಚ್ಚಿನ ವಿವರ ಬೇಕಾದರೆ ಸರ್ವರು ಬರೆದಿಡುವ ದಾಖಲೆಯನ್ನು ಓದಬೇಕು.

ಇಷ್ಟು ತಾಳ್ಮೆ ಯಾರಿಗಿದೆ ಎನ್ನುವವರುಂಟು. ಅವರು 5 ನಿಮಿಷಗಳ ಮಿತಿಯನ್ನು ಇಡೀ ದಿನಕ್ಕೆ ಹಿಗ್ಗಿಸುತ್ತಾರೆ. ಪ್ರಮಾಣಪತ್ರದ ಪರೀಕ್ಷೆಯನ್ನೇ ಕೈಬಿಡುತ್ತಾರೆ. ಕೆಲಸವೇನೋ ನಡೆಯುತ್ತದೆ. ಆದರೆ ಎಲ್‌ಡ್ಯಾಪ್ ಎಂಬ ಇನ್ನೊಂದು ಕ್ರಮದ ಸರಳ ರೂಪದಲ್ಲಿ ಪಾಸ್‌ವರ್ಡೇ ಸರ್ವರಿಗೆ ಹೋಗುತ್ತದೆ. ಅಲ್ಲಿ ಪ್ರಮಾಣಪತ್ರವನ್ನು ನೋಡದಿರುವುದೆಂದರೆ ಸರ್ವರಿನ ವೇಷ ತೊಟ್ಟ ಮೋಸಗಾರನ ಕೈಗೆ ನಾವೇ ಬೀಗದ ಕೈ ಕೊಟ್ಟಂತೆ. ಒಬ್ಬನ ತೊಂದರೆ ನೀಗಲು ಸಾವಿರ ಜನರ ಗುಟ್ಟನ್ನು ಒತ್ತೆಯಿಡುವುದು ಜಾಣತನವೆ?

ತರುಣ ವಾಚಕರೇ, ನಾಳೆ ಇಂಥ ಸರ್ವರುಗಳ ಹೊಣೆ ನಿಮ್ಮದಾದೀತು. ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ನೋಡುವ ಪಾಠವನ್ನು ನೀವು ಭೌತಶಾಸ್ತ್ರದ ಪ್ರಯೋಗದಲ್ಲಿ ಕಲಿತಿದ್ದೀರಿ. ಅದನ್ನು ಇಲ್ಲಿಯೂ ಮರೆಯಬೇಡಿ. ಮನುಷ್ಯನನ್ನು ದೂರುವ ಮುನ್ನ ಗಡಿಯಾರವನ್ನೊಮ್ಮೆ ನೋಡಿ.