ಬೆಂಕಿ ಆರುತ್ತಿರುವ ಊರಲ್ಲಿ ಯೂನಿಯನ್ ಯಾಕೆ ಬೇಕು?

ಭದ್ರಾವತಿ ಸುತ್ತಲಿನ ಹಳ್ಳಿಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ: ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿ ಕಾಯಂ ಕೆಲಸ ಮಾಡಿ ನಿವೃತ್ತರಾದವರು. ಅಪ್ಪ ಅದೇ ಗೇಟಿನೊಳಗೆ ಗುತ್ತಿಗೆ ಕೆಲಸ. ಮಗ ಬೆಂಗಳೂರಿನಲ್ಲಿ ಏಜೆನ್ಸಿ ಮೂಲಕ ಸೆಕ್ಯುರಿಟಿ ಗಾರ್ಡ್. ಯೂನಿಯನ್‌ನಿಂದ ಏನಾದರೂ ಲಾಭ ಆಯ್ತಾ ಅಂತ ಮೂವರನ್ನೂ ಕೇಳಿ. ಅಜ್ಜ ಹೌದು ಎನ್ನುತ್ತಾರೆ. ಅಪ್ಪ ಸ್ವಲ್ಪ ಯೋಚನೆ ಮಾಡುತ್ತಾರೆ. ಮಗ, ‘ಯಾವ ಯೂನಿಯನ್?’ ಅಂತ ತಿರುಗಿ ಕೇಳುತ್ತಾನೆ.

ಯೂನಿಯನ್ ಕಾಲ ಮುಗಿಯಿತು ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಕಾರ್ಖಾನೆಗಳು ಮುಚ್ಚುತ್ತಿರುವ ಊರಿನಲ್ಲೇ ಯೂನಿಯನ್ ಹೆಚ್ಚು ಬೇಕು. ಆದರೆ ಈಗ ಇರುವ ರೀತಿಯಲ್ಲೇ ಇದ್ದರೆ ಅದರಿಂದ ಉಪಯೋಗವಿಲ್ಲ.

ಮೊದಲು ಎಲ್ಲರೂ ಹೇಳುವ ಮಾತನ್ನೇ ನೋಡೋಣ: ‘ಯೂನಿಯನ್‌ನವರೇ ಕಾರ್ಖಾನೆ ಹಾಳು ಮಾಡಿದರು.’ ಭದ್ರಾವತಿಯ ವಿಐಎಸ್‌ಎಲ್ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು, ಮಲೆನಾಡಿನ ಕಾಡಿನಿಂದ ಇದ್ದಿಲು ಬರುತ್ತಿತ್ತು. ಆ ಅದಿರು ನಿಂತಿತು. ಸ್ವಂತ ಗಣಿ ಇಲ್ಲದೆ, ದುಡ್ಡು ಕೊಟ್ಟು ಅದಿರು ತಂದು ಉಕ್ಕು ಮಾಡುವ ಹಳೆಯ ಕಾರ್ಖಾನೆ ದೊಡ್ಡ ಕಾರ್ಖಾನೆಗಳ ಎದುರು ನಿಲ್ಲುವುದು ಕಷ್ಟ. 1998ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಆಮೇಲೂ ಬೇಕಾದಷ್ಟು ಬಂಡವಾಳ ಬರಲಿಲ್ಲ. 2016ರಲ್ಲಿ ಮಾರುವ ತೀರ್ಮಾನವಾಯಿತು, ಕೊಳ್ಳುವವರು ಸಿಗಲಿಲ್ಲ. ನೂರು ವರ್ಷ ತುಂಬುವ ಹೊತ್ತಿಗೆ, 2023ರ ಜನವರಿಯಲ್ಲಿ, ಮುಚ್ಚುವ ನಿರ್ಧಾರ ಹೊರಬಿತ್ತು. ಅದೇ ಊರಿನ ಎಂಪಿಎಂ ಕಾಗದ ಕಾರ್ಖಾನೆಯಲ್ಲಿ 2015ರಲ್ಲೇ ಉತ್ಪಾದನೆ ನಿಂತಿತ್ತು. ಗಣಿ ಮಂಜೂರು ಮಾಡುವುದು, ಬಂಡವಾಳ ಹಾಕುವುದು, ಮಾರುವುದು, ಯಾವುದೂ ಯೂನಿಯನ್ ಕೈಯಲ್ಲಿ ಇರಲಿಲ್ಲ.

ಹಾಗಂತ ಯೂನಿಯನ್‌ಗಳ ತಪ್ಪೇ ಇಲ್ಲ ಎಂದಲ್ಲ. 1982ರ ಜನವರಿಯಲ್ಲಿ ಮುಂಬೈನ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಷ್ಕರ ಹೂಡಿದರು. ಗಿರಣಿಗಳು ಮೊದಲೇ ಸೊರಗಿದ್ದವು. ಒಂದು ವರ್ಷ ದಾಟಿದರೂ ರಾಜಿಯಾಗಲಿಲ್ಲ. ಎಷ್ಟೋ ಜನರಿಗೆ ಕೆಲಸ ವಾಪಸ್ ಸಿಗಲೇ ಇಲ್ಲ, ಊರಿಗೆ ಹೋದರು. ಮಾಲೀಕನೇ ಬಾಗಿಲು ಹಾಕಲು ಕಾಯುತ್ತಿರುವಾಗ ಮುಷ್ಕರವೊಂದನ್ನೇ ನಂಬಿ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಅದು ಪಾಠ.

ಹಾಗಾದರೆ ಇಂಥ ಊರಲ್ಲಿ ಯೂನಿಯನ್ ಏನು ಮಾಡಬಹುದು? ಕುಲುಮೆಯ ಬೆಂಕಿ ಉಳಿಸುವುದು ಅದರ ಕೈಲಿ ಆಗದೇ ಇರಬಹುದು. ಆದರೆ ಗೇಟು ಮುಚ್ಚುವ ದಿನ ಕಾರ್ಮಿಕ ಏನು ತೆಗೆದುಕೊಂಡು ಮನೆಗೆ ಹೋಗುತ್ತಾನೆ ಎನ್ನುವುದರಲ್ಲಿ ಅದರ ಪಾತ್ರ ದೊಡ್ಡದು. ಬಾಕಿ ಸಂಬಳ, ಗ್ರಾಚ್ಯುಟಿ, ಪಿಎಫ್, ವಿಆರ್‌ಎಸ್ ಮೊತ್ತ, ವಾಸದ ಕ್ವಾರ್ಟರ್ಸ್, ಇವನ್ನೆಲ್ಲ ಒಬ್ಬೊಬ್ಬರೇ ಅರ್ಜಿ ಹಿಡಿದು ಪಡೆಯುವುದು ಎಷ್ಟು ಕಷ್ಟ ಎಂದು ಕಚೇರಿ ಅಲೆದವರಿಗೆ ಗೊತ್ತು.

ಕೋಲಾರದ ಚಿನ್ನದ ಗಣಿಯನ್ನೇ ನೋಡಿ. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮಾನ್ಯತೆ ಸಿಗುವ ಮೊದಲೇ, 1930ರಲ್ಲಿ, ಅಲ್ಲಿನವರು ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುವ ಪದ್ಧತಿ ವಿರುದ್ಧ ಕೆಲಸ ನಿಲ್ಲಿಸಿದ್ದರು. ಅಂಥ ಊರಿನ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮುಚ್ಚಿದ ಮೇಲೂ ಬಾಕಿ ಹಣಕ್ಕೆ, ವಾಸವಿದ್ದ ಮನೆ ತಮ್ಮ ಹೆಸರಿಗೆ ಆಗಬೇಕು ಎಂಬುದಕ್ಕೆ ವರ್ಷಗಟ್ಟಲೆ ದನಿ ಎತ್ತಿದ್ದು ಕಾರ್ಮಿಕ ಸಂಘಟನೆಗಳೇ. ಇವತ್ತು ಕೆಜಿಎಫ್‌ನಿಂದ ಸಾವಿರಾರು ಜನ ಬೆಳಗಾಗುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಅವರಲ್ಲಿ ಬಹಳ ಜನರಿಗೆ ಕೆಲಸದ ಜಾಗದಲ್ಲಿ ಯೂನಿಯನ್ನೇ ಇಲ್ಲ.

ನಮ್ಮ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಕಾಯಂ ಕೆಲಸಗಾರರು ನಿವೃತ್ತರಾದಾಗ ಆ ಜಾಗಕ್ಕೆ ಗುತ್ತಿಗೆಯವರು ಬಂದರು. ಅದೇ ಯಂತ್ರ, ಅದೇ ಷಿಫ್ಟು, ಸಂಬಳ ಮಾತ್ರ ಎಷ್ಟೋ ಕಡಿಮೆ. ಎಷ್ಟೋ ಕಡೆ ಹಳೆಯ ಸಂಘಗಳು ಆಗ ಸುಮ್ಮನಿದ್ದವು. ತಮ್ಮ ಸದಸ್ಯರ ವೇತನ ಒಪ್ಪಂದ ಆದರೆ ಸಾಕು ಎಂದುಕೊಂಡವು. ಕೊನೆಗೆ ಒಂದೇ ಗೇಟಿನೊಳಗೆ ಕಾಯಂನವರಿಗೊಂದು ಸಂಘ, ಗುತ್ತಿಗೆಯವರಿಗೊಂದು ಸಂಘ ಆಯಿತು. ಇದರ ಮೇಲೆ ಪಕ್ಷಕ್ಕೊಂದು ಬಾವುಟ. ಮಗ ಗುತ್ತಿಗೆಯಲ್ಲಿ ದುಡಿಯುವಾಗ ಅಪ್ಪನ ಸಂಘ ಅವನನ್ನು ಸದಸ್ಯನನ್ನಾಗಿ ಮಾಡಿಕೊಳ್ಳಲಿಲ್ಲ ಎಂದರೆ, ಮೊಮ್ಮಗನಿಗೆ ಯೂನಿಯನ್ ಬಗ್ಗೆ ಗೌರವ ಎಲ್ಲಿಂದ ಬರಬೇಕು?

ಆದರೂ 2023ರಲ್ಲಿ ವಿಐಎಸ್‌ಎಲ್ ಮುಚ್ಚುವ ಸುದ್ದಿ ಬಂದಾಗ ತಿಂಗಳುಗಟ್ಟಲೆ ಧರಣಿ ಕೂತವರು ಆ ಗುತ್ತಿಗೆ ಕಾರ್ಮಿಕರೇ. ಊರಿನ ಜನ ಜೊತೆಗೆ ಬಂದರು, ಎಲ್ಲ ಪಕ್ಷದವರೂ ಬಂದು ಮಾತು ಕೊಡಬೇಕಾಯಿತು. ಅದೇ ವರ್ಷ ಬಾರ್ ಮಿಲ್‌ನಲ್ಲಿ ಮತ್ತೆ ಕೆಲಸ ಶುರುವಾಯಿತು. ಕಾರ್ಖಾನೆ ಪೂರ್ತಿ ಉಳಿಯಿತು ಎಂದು ಇದರ ಅರ್ಥವಲ್ಲ. ಆದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಇಷ್ಟೂ ಆಗುತ್ತಿರಲಿಲ್ಲ ಎಂದು ನಾವು ನಂಬಿದ್ದೇವೆ.

ಈಗ ಕಾನೂನೂ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮೊದಲು 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಸಂಖ್ಯೆ 300. ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವ ಕಡೆ, ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರಲ್ಲಿ ಕನಿಷ್ಠ ಶೇ 51ರಷ್ಟು ಜನ ಸದಸ್ಯರಿರುವ ಯೂನಿಯನ್‌ಗೆ ಮಾತ್ರ ಒಂಟಿಯಾಗಿ ಮಾತುಕತೆ ನಡೆಸುವ ಹಕ್ಕು. ಗುತ್ತಿಗೆಯವರ ಹೆಸರು ಸಾಮಾನ್ಯವಾಗಿ ಇರುವುದು ಗುತ್ತಿಗೆದಾರನ ಪುಸ್ತಕದಲ್ಲಿ. ಹೀಗಾದರೆ ಗೇಟಿನೊಳಗೆ ದುಡಿಯುವ ಹೆಚ್ಚಿನವರು ಮಾತುಕತೆಯ ಲೆಕ್ಕಕ್ಕೇ ಬರುವುದಿಲ್ಲ. ಇದರ ವಿರುದ್ಧ ದನಿ ಎತ್ತುವುದು ಕಾಯಂ ಕಾರ್ಮಿಕರ ಸಂಘಗಳ ಕೆಲಸ ಅಲ್ಲವೇ?

ಒಳ್ಳೆಯ ಅಂಶವೂ ಇದೆ. ನಿಗದಿತ ಅವಧಿಗೆ ಕಾರ್ಖಾನೆಯೇ ನೇರವಾಗಿ ನೇಮಿಸಿಕೊಂಡವರಿಗೆ ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಸಿಗಬೇಕು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು ಎಂಬ ನಿಯಮ 1970ರ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ. ಆದರೆ ನಿಯಮ ಪುಸ್ತಕದಿಂದ ಎದ್ದು ಬಂದು ಕೈಗೆ ದುಡ್ಡು ಕೊಡುವುದಿಲ್ಲ. ಹೋಗಿ ಕೇಳುವವರು ಬೇಕು. ಒಬ್ಬನೇ ಕೇಳಿದರೆ ‘ನಾಳೆಯಿಂದ ಬರಬೇಡ’ ಎನ್ನುತ್ತಾರೆ. ನೂರು ಜನ ಕೇಳಿದರೆ ಕೂರಿಸಿ ಮಾತನಾಡಿಸುತ್ತಾರೆ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ನಿಯಮ ಬದಲಾವಣೆ ವಿರುದ್ಧ ರಸ್ತೆಗೆ ಇಳಿದರು. ಅವರಲ್ಲಿ ಹೆಚ್ಚಿನವರು ಯಾವ ಯೂನಿಯನ್ ಸದಸ್ಯರೂ ಆಗಿರಲಿಲ್ಲ. ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಆದರೆ ರಸ್ತೆಗೆ ಇಳಿದ ಜನ ಮನೆಗೆ ಹೋದ ಮೇಲೂ ಉಳಿಯುವ ಸಂಘ ಇಲ್ಲದಿದ್ದರೆ, ಮುಂದಿನ ಬಾರಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಆದ್ದರಿಂದ ಸಂಘದ ಮುಖಂಡರಿಗೆ ನಮ್ಮ ಮಾತು ಇಷ್ಟೇ. ಗುತ್ತಿಗೆಯವರನ್ನು, ಸ್ವಚ್ಛತೆಯವರನ್ನು, ಕ್ಯಾಂಟೀನ್‌ನವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಿ. ಸಭೆಯನ್ನು ಗೇಟಿನ ಮುಂದೆ ಮಾತ್ರ ಮಾಡದೆ ಅವರು ವಾಸವಿರುವ ಹಳ್ಳಿಯಲ್ಲೂ ಮಾಡಿ. ಚಂದಾ ಹಣದ ಲೆಕ್ಕವನ್ನು ಎಲ್ಲರ ಮುಂದೆ ಓದಿ.

ಓದುಗರಿಗೂ ಒಂದು ಮಾತು. ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದರೆ ಈ ವಾರ ನಾಲ್ಕು ವಿಷಯ ಕೇಳಿ: ಸಂಬಳದ ಚೀಟಿ ಕೊಡುತ್ತಾರಾ, ಪಿಎಫ್‌ನ ಯುಎಎನ್ ನಂಬರ್ ಗೊತ್ತಾ, ಇಎಸ್‌ಐ ಕಾರ್ಡ್ ಆಗಿದೆಯಾ, ಗುತ್ತಿಗೆದಾರನ ಹೆಸರು ವಿಳಾಸ ಬರೆದಿಟ್ಟುಕೊಂಡಿದ್ದಾರಾ? ಯಾವುದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದರೆ, ಜೊತೆಯಲ್ಲಿ ದುಡಿಯುವ ಇನ್ನೂ ಹತ್ತು ಜನರನ್ನು ಅದನ್ನೇ ಕೇಳಲು ಹೇಳಿ. ಅವರು ಒಟ್ಟಿಗೆ ಕೂತು ಮಾತನಾಡಿದ ದಿನವೇ ಅಲ್ಲಿ ಸಂಘ ಹುಟ್ಟುತ್ತದೆ.