ರೊಟ್ಟಿಯನ್ನು ಹೊರಗಿಟ್ಟ ಲೆಕ್ಕ

ಯುರೋಪಿನ ಚಿಕ್ಕ ರಾಷ್ಟ್ರಗಳಲ್ಲೊಂದಾದ ಸ್ವಿಟ್ಜರ್ಲೆಂಡಿನಲ್ಲಿ ಬೆಲೆಗಳ ನಿಜಗತಿಯನ್ನು ಅರಿಯಲೆಂದು ಅಲ್ಲಿಯ ಕೇಂದ್ರ ಬ್ಯಾಂಕು, ಎಲ್ಲಕ್ಕಿಂತ ಹೆಚ್ಚು ಏರಿದ ಶೇಕಡಾ 15 ಭಾಗವನ್ನೂ ಎಲ್ಲಕ್ಕಿಂತ ಹೆಚ್ಚು ಇಳಿದ ಶೇಕಡಾ 15 ಭಾಗವನ್ನೂ ಕಳೆದು, ನಡುವೆ ಉಳಿದುದರ ಸರಾಸರಿಯನ್ನು ತೆಗೆಯುತ್ತದೆ. ಸರ್ಕಾರದ ಸಂಖ್ಯಾಶಾಸ್ತ್ರ ಇಲಾಖೆಯಾದರೋ ತಾಜಾ ಹಣ್ಣು ತರಕಾರಿಗಳನ್ನೂ ಇಂಧನವನ್ನೂ ಮೊದಲೇ ಬದಿಗಿರಿಸಿ ಎಣಿಸುತ್ತದೆ. ಕ್ಷಣಿಕವಾದ ಏರಿಳಿತಗಳನ್ನು ಹೀಗೆ ಸೋಸಿದ ಮೇಲೆ ಉಳಿಯುವುದೇ ಮೂಲ ಹಣದುಬ್ಬರ. ಆ ದೇಶದ ಸಂಸಾರದ ವೆಚ್ಚದಲ್ಲಿ ಆಹಾರದ ಪಾಲು ಸುಮಾರು ಹತ್ತರಲ್ಲೊಂದಾದುದರಿಂದ ಈ ಸೋಸುವಿಕೆಯಿಂದ ಲೆಕ್ಕಕ್ಕೆ ದೊಡ್ಡ ಲೋಪವೇನೂ ಬಾರದು.

ಅಂಥದೇ ಜರಡಿಯನ್ನು ತಂದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ತಡಸದಲ್ಲಿ ಹಿಡಿದರೆ ಏನಾದೀತು? 2012ನ್ನು ಆಧಾರವರ್ಷವಾಗಿ ಉಳ್ಳ, ತೀರ ಇತ್ತೀಚಿನವರೆಗೂ ನಡೆದುಬಂದ ನಮ್ಮ ಗ್ರಾಮೀಣ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ತೂಕ ನೂರಕ್ಕೆ 54.18, ಇಂಧನ ಮತ್ತು ದೀಪದ ತೂಕ 7.94, ನಮ್ಮಲ್ಲಿ ಮೂಲ ಹಣದುಬ್ಬರಕ್ಕಾಗಿ ಬದಿಗಿರಿಸುವ ಇವೆರಡನ್ನೂ ತೆಗೆದರೆ ಉಳಿಯುವುದು 37.88. ಈ ಉಳಿದ ಭಾಗದ ಸ್ವರೂಪವೂ ವಿಚಿತ್ರವಾದುದು. ಜೋಳದ ರೊಟ್ಟಿ ಹೊರಗೆ. ಎಲೆ, ಅಡಿಕೆ, ತಂಬಾಕುಗಳಿಗೆ ಪ್ರತ್ಯೇಕ ವರ್ಗವಿರುವುದರಿಂದ ಸವಣೂರಿನ ವೀಳ್ಯದೆಲೆ ಮಾತ್ರ ಒಳಗೆ. ಒಲೆಗೆ ಹಾಕುವ ಸೌದೆ ಹೊರಗೆ. ಸಾರಿಗೆಯ ಲೆಕ್ಕಕ್ಕೆ ಸೇರಿದುದರಿಂದ ಮೋಟಾರ್ ಸೈಕಲ್ಲಿಗೆ ಹಾಕಿಸುವ ಪೆಟ್ರೋಲು ಒಳಗೆ. ಉಳ್ಳಾಗಡ್ಡಿ ಚಂಚಲವೆಂದು ಬಹಿಷ್ಕೃತವಾದರೆ, ಅದಕ್ಕಿಂತ ಕಡಿಮೆ ಚಂಚಲವೆಂದು ಯಾರೂ ಪ್ರಮಾಣ ಮಾಡಲಾರದ ಬಂಗಾರವು ಒಳಗೇ ಕುಳಿತಿದೆ.

ಇದರ ಫಲವೇನೆಂಬುದು 2025ರ ಅಕ್ಟೋಬರಿನಲ್ಲಿ ಕಾಣಬಂದಿತು. ದೇಶದ ಒಟ್ಟು ಚಿಲ್ಲರೆ ಹಣದುಬ್ಬರ ಆ ತಿಂಗಳು ಶೇಕಡಾ 0.25ಕ್ಕೆ ಇಳಿದಿತ್ತು, ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡಾ 5.02ರಷ್ಟು ತಗ್ಗಿತ್ತು, ಮೂಲ ಹಣದುಬ್ಬರವಾದರೋ, ಬಹುಮಟ್ಟಿಗೆ ಬಂಗಾರದ ದೆಸೆಯಿಂದ, ಶೇಕಡಾ ನಾಲ್ಕನ್ನು ಮೀರಿಯೇ ನಿಂತಿತ್ತು. 2023ರ ಜುಲೈಯಲ್ಲಿ ಸ್ಥಿತಿ ತಿರುಗುಮುರುಗು: ಟೊಮೇಟೊ ಕೈಗೆ ಎಟುಕದಾಗಿ, ಕಾಯಿಪಲ್ಲೆಯ ಬೆಲೆ ಒಂದು ವರ್ಷದಲ್ಲಿ ಶೇಕಡಾ 37.34ರಷ್ಟು ಏರಿ, ಒಟ್ಟು ಹಣದುಬ್ಬರವು 7.44ಕ್ಕೆ ಜಿಗಿದಾಗ ಮೂಲದ ಅಂಕಿ ಐದರ ಕೆಳಗೇ ಇದ್ದಿತು. ಸಂತೆಯಿಂದ ಅರ್ಧ ಚೀಲ ಹೊತ್ತು ಮನೆಗೆ ಬಂದ ಕೂಲಿಯ ಹೆಣ್ಣುಮಗಳಿಗೆ, ಮೂಲದಲ್ಲಿ ಎಲ್ಲವೂ ನೆಟ್ಟಗಿದೆ ತಾಯಿ ಎಂದು ಯಾರು ಹೇಳಿಯಾರು?

ಈ ಸೀಮೆಯವರು ಆಹಾರವನ್ನು ಕೊಳ್ಳುವವರಷ್ಟೇ ಅಲ್ಲ, ಬೆಳೆದು ಮಾರುವವರೂ ಹೌದು. 2024ರ ಮಾರ್ಚಿನಲ್ಲಿ ಒಣಮೆಣಸಿನಕಾಯಿಯ ಧಾರಣೆ ಕುಸಿದಾಗ ಇದೇ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲಿ ರೊಚ್ಚಿಗೆದ್ದ ರೈತರು ವಾಹನಗಳಿಗೆ ಬೆಂಕಿಯಿಟ್ಟುದು ಓದುಗರಿಗೆ ನೆನಪಿರಬಹುದು. ಮುಂಬಯಿಯ ರಿಸರ್ವ್ ಬ್ಯಾಂಕಿನ ಗಣಿತಜ್ಞನು ಕ್ಷಣಿಕವೆಂದು ಕಳೆದುಹಾಕುವ ಏರಿಳಿತದಲ್ಲಿಯೇ ಇಲ್ಲಿಯ ಸಾಲ, ಲಗ್ನ, ಮಕ್ಕಳ ಶಾಲೆ ಎಲ್ಲವೂ ನಿರ್ಣಯವಾಗುತ್ತವೆ.

ಪ್ರತಿವಾದವನ್ನು ತಳ್ಳಿಹಾಕತಕ್ಕದ್ದಲ್ಲ. ಬಡ್ಡಿಯ ದರವನ್ನು ಏರಿಸಿದ ಮಾತ್ರಕ್ಕೆ ಮಳೆ ಬಾರದು, ಟೊಮೇಟೊ ಫಲಿಸದು. ಆದಕಾರಣ ರಿಸರ್ವ್ ಬ್ಯಾಂಕಿನ ಶೇಕಡಾ ನಾಲ್ಕರ ಗುರಿಯಿಂದ ಆಹಾರವನ್ನು ಬಿಡುವುದು ಯೋಚನಾರ್ಹವೆಂದು 2024ರ ಜುಲೈಯ ಆರ್ಥಿಕ ಸಮೀಕ್ಷೆ ಸೂಚಿಸಿತು. 2025ರ ಆಗಸ್ಟಿನಲ್ಲಿ ಬ್ಯಾಂಕೇ ಹೊರಡಿಸಿದ ಚರ್ಚಾಪತ್ರವೂ ಆ ಪ್ರಶ್ನೆಯನ್ನು ಕೇಳಿತು. ಆದರೆ ಆಹಾರದ ತುಟ್ಟಿ ಆಹಾರದಲ್ಲಿಯೇ ನಿಲ್ಲುವುದಿಲ್ಲ. ಜೋಳ ಏರಿದರೆ ಆಳಿನ ಕೂಲಿ ಏರುತ್ತದೆ, ಕೂಲಿ ಏರಿದರೆ ಕ್ಷೌರದ ದರ, ಹೊಲಿಗೆಯ ಮಜೂರಿ, ಗಾಡಿಯ ಬಾಡಿಗೆ ಏರುತ್ತವೆ. ಮುಂಬಾಗಿಲಿನಿಂದ ಹೊರಗೆ ಕಳಿಸಿದ ಅನ್ನವು ಹಿತ್ತಿಲ ಬಾಗಿಲಿನಿಂದ ಮೂಲ ಹಣದುಬ್ಬರದೊಳಕ್ಕೇ ಬಂದು ಸೇರುತ್ತದೆ.

ಕೃಷಿಕಾರ್ಮಿಕರಿಗೆಂದೇ ಶಿಮ್ಲಾದ ಕಾರ್ಮಿಕ ಕಚೇರಿ 1986-87ರ ಆಧಾರದ ಮೇಲೆ ಬಹುಕಾಲ ಪ್ರಕಟಿಸಿದ ಸೂಚ್ಯಂಕದಲ್ಲಿ ಆಹಾರದ ತೂಕ 69.15 ಇದ್ದಿತು. ಆ ತೂಕ ಹಳೆಯದಾಯಿತು, ನಿಜ. ಆಧಾರವರ್ಷಗಳನ್ನು ಕಾಲಕಾಲಕ್ಕೆ ಬದಲಿಸಲೇಬೇಕು, ಬದಲಿಸಿಯೂ ಇದ್ದಾರೆ. ಮೂಲ ಹಣದುಬ್ಬರವನ್ನು ಬ್ಯಾಂಕು ತನ್ನ ಅಭ್ಯಾಸಕ್ಕಾಗಿ ಧಾರಾಳವಾಗಿ ಎಣಿಸಲಿ. ಗುರಿಯಾಗಿರತಕ್ಕದ್ದು, ಕೂಲಿಯನ್ನೂ ಪಿಂಚಣಿಯನ್ನೂ ಅಳೆಯತಕ್ಕದ್ದು ಮಾತ್ರ ರೊಟ್ಟಿಯನ್ನೂ ಸೌದೆಯನ್ನೂ ಒಳಗೊಂಡ ಪೂರ್ಣ ಅಂಕಿಯೇ.